ಮುಕ್ಕಣ್ಣ ಕಾರಿನ ಬಗ್ಗೆ ಓದುಗರು ಕೇಳಿದ್ದು

ಹಳೆಯ ಮೋಟಾರು ವಾಹನಗಳಲ್ಲಿ ನಿಮಗೆ ಅತ್ಯಂತ ಪ್ರಿಯವಾದದ್ದು ಯಾವುದು ಎಂದು ಧಾರವಾಡದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಅಮೆರಿಕದ ಟಕರ್ 48 ಎಂದು ನಾಲ್ಕೇ ಸಾಲಿನಲ್ಲಿ ಉತ್ತರಿಸಿ ಮುಂದೆ ಹೋಗಿದ್ದೆ. ಪ್ರೆಸ್ಟನ್ ಟಕರ್ ಎಂಬವರು ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಷಿಕಾಗೋ ನಗರದಲ್ಲಿ ಕಟ್ಟಿದ ಆ ಕಾರಿಗೆ ಎಂಜಿನ್ ಹಿಂದಿತ್ತು, ಮುಂದೆ ಮೂರು ದೀಪಗಳಿದ್ದವು, ಮೊದಲ ಮಾದರಿಯೂ ಸೇರಿ ಒಟ್ಟು ತಯಾರಾದವು 51 ಮಾತ್ರ. ಇಷ್ಟು ಬರೆದದ್ದಕ್ಕೇ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳನ್ನು ನೋಡಿ ನನಗೆ ತುಂಬ ಸಂತೋಷವಾಯಿತು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದೊಂದೇ ಕಾರಿಗೆ ಮೀಸಲಿಡುತ್ತಿದ್ದೇನೆ. ಒಬ್ಬ ಓದುಗರು ಅದನ್ನು ‘ಮುಕ್ಕಣ್ಣ’ ಎಂದು ಕರೆದಿದ್ದಾರೆ. ಅಮೆರಿಕದವರು ಆ ನಡುವಿನ ದೀಪಕ್ಕೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿಟ್ಟು ಸೈಕ್ಲಾಪ್ಸ್ ಎನ್ನುತ್ತಾರೆ. ಕಣ್ಣು ಮೂರಿರುವುದರಿಂದ ನಮ್ಮವರಿಟ್ಟ ಹೆಸರೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ.

ಈ ಕಾರನ್ನು ನಾನು ಕಣ್ಣಾರೆ ಕಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ವರ್ಷ ಹುಬ್ಬಳ್ಳಿಯಲ್ಲಿ ಗ್ಯಾರೇಜು ನಡೆಸಿದವನಾಗಿ, ಅದರ ನಕ್ಷೆ, ಚಿತ್ರ ಮತ್ತು ವಿವರಗಳನ್ನು ಓದಿ ಓದಿ ಒಲಿದವನು ನಾನು.

ಪ್ರಶ್ನೆ: ಮೂವತ್ತು ವರ್ಷ ಹುಬ್ಬಳ್ಳಿ–ಅಂಕೋಲಾ ದಾರಿಯಲ್ಲಿ ಲಾರಿ ಓಡಿಸಿದವನು ನಾನು. ಆ ಮೂರನೆಯ ದೀಪ ನಿಜವಾಗಿ ಉಪಯೋಗಕ್ಕೆ ಬರುತ್ತಿತ್ತೇ, ಅಥವಾ ಚೆಂದಕ್ಕೆಂದು ಇಟ್ಟದ್ದೇ? (ನಿವೃತ್ತ ಚಾಲಕರು, ಹಳೇ ಹುಬ್ಬಳ್ಳಿ)

ಉತ್ತರ: ಅರಬೈಲ್ ಘಟ್ಟವನ್ನು ರಾತ್ರಿ ಇಳಿದ ನಿಮಗೆ ಇದರ ಉತ್ತರ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಸಾಮಾನ್ಯ ವಾಹನದ ಹೆಡ್‌ಲೈಟು ಬಾಡಿಗೆ ಬಿಗಿದುಕೊಂಡಿರುತ್ತದೆ, ಹಾಗಾಗಿ ವಾಹನದ ಮೂತಿ ಎತ್ತ ನೋಡುತ್ತದೆಯೋ ಬೆಳಕೂ ಅತ್ತಲೇ ಬೀಳುತ್ತದೆ. ವಾಹನ ಹೋಗುವುದು ಮಾತ್ರ ಗಾಲಿ ತಿರುಗಿದ ಕಡೆಗೆ. ಕಡಿದಾದ ತಿರುವಿನಲ್ಲಿ ಈ ಎರಡರ ನಡುವೆ ಅಂತರ ಬಿದ್ದು, ಬೆಳಕು ಎದುರಿನ ಮರದ ಬೊಡ್ಡೆಯ ಮೇಲೋ ಕಣಿವೆಯ ಮಂಜಿನ ಮೇಲೋ ಬೀಳುತ್ತದೆ, ನಾವು ಹೋಗಬೇಕಾದ ದಾರಿ ಕತ್ತಲಲ್ಲೇ ಉಳಿಯುತ್ತದೆ. ಅಂಥ ಕಡೆ ಅನುಭವಿ ಚಾಲಕರು ಕಣ್ಣಿನಿಂದಲ್ಲ, ನೆನಪಿನಿಂದ ಗಾಡಿ ತಿರುಗಿಸುತ್ತಾರೆ. ಟಕರ್ ಅವರ ಮೂರನೆಯ ದೀಪ ಈ ತೊಡಕಿಗೇ ನೇರವಾಗಿ ಕೈಹಾಕಿತ್ತು. ನೇರ ದಾರಿಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಸ್ಟಿಯರಿಂಗ್ ಕೋನ 10 ಡಿಗ್ರಿ ದಾಟಿದೊಡನೆ ಅದು ಹೊತ್ತಿಕೊಂಡು, ಗಾಲಿಗಳ ಜೊತೆಗೇ ಹೊರಳಿ, ತಿರುವಿನ ಒಳಮೈಯನ್ನು ತೋರಿಸುತ್ತಿತ್ತು. ಸ್ಟಿಯರಿಂಗಿಗೆ ಜೋಡಿಸಿದ ಸಾದಾ ಕೊಂಡಿಗಳಿಂದ ಆಗುವ ಕೆಲಸವಿದು.

ಆಗ ಅಮೆರಿಕದ 17 ರಾಜ್ಯಗಳಲ್ಲಿ ಎರಡಕ್ಕಿಂತ ಹೆಚ್ಚು ಹೆಡ್‌ಲೈಟ್ ಇರಬಾರದೆಂಬ ಕಾನೂನಿತ್ತಾದ್ದರಿಂದ, ಆ ರಾಜ್ಯಗಳಿಗಾಗಿ ನಡುವಿನ ದೀಪಕ್ಕೊಂದು ಮುಚ್ಚಳವನ್ನೂ ಮಾಡಿದ್ದರು. ಈ ಯೋಚನೆ ಟಕರ್ ಒಬ್ಬರದೇ ಅಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಎಂಜಿನ್ ಇದ್ದ ಚೆಕೊಸ್ಲೊವಾಕಿಯಾದ ಟಾಟ್ರಾ 77 ಕಾರಿನಲ್ಲಿ 1930ರ ದಶಕದಲ್ಲೇ ನಡುವಿನ ದೀಪ ಬಂದಿತ್ತು, ಮತ್ತು ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ 1967ರಲ್ಲಿ ಸ್ಟಿಯರಿಂಗ್ ಜೊತೆ ಹೊರಳುವ ದೀಪಗಳನ್ನು ತಂದಿತು. ಇಂದು ದುಬಾರಿ ಕಾರುಗಳಲ್ಲಿ ತಿರುವಿಗೆ ತಕ್ಕಂತೆ ಬೆಳಕು ಹೊರಳುವುದನ್ನು ನೀವು ನೋಡಿರುತ್ತೀರಿ. ಯಲ್ಲಾಪುರದಿಂದ ಕೆಳಗಿಳಿಯುವ ಲಾರಿಗಳಿಗೆ ಅದು ಎಂದೋ ಬರಬೇಕಿತ್ತು ಎಂದು ನೀವು ಪತ್ರದಲ್ಲಿ ಬರೆದ ಮಾತನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ.

ಪ್ರಶ್ನೆ: ಟಕರ್ ಕಾರಿನಲ್ಲಿ ಹೆಲಿಕಾಪ್ಟರ್ ಎಂಜಿನ್ ಇತ್ತೆಂದು ಓದಿದೆ. ಹೆಲಿಕಾಪ್ಟರಿನ ಎಂಜಿನ್ ಕಾರಿಗೆ ಹೇಗೆ ಒಗ್ಗುತ್ತದೆ? ಅದನ್ನು ಹಿಂದೆ ಇಟ್ಟದ್ದೇಕೆ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಟಕರ್ ಮೊದಲು ಬಯಸಿದ ಎಂಜಿನ್ ಬೇರೆಯೇ ಆಗಿತ್ತು. 589 ಘನ ಇಂಚಿನ, ಅಂದರೆ ಸುಮಾರು 9.7 ಲೀಟರಿನ, ಆರು ಸಿಲಿಂಡರುಗಳ ದೈತ್ಯ ಎಂಜಿನ್ ಅದು. ವಾಲ್ವುಗಳನ್ನು ತೆರೆದು ಮುಚ್ಚುವ ದಂಡವಾದ ಕ್ಯಾಮ್‌ಶಾಫ್ಟೇ ಅದಕ್ಕೆ ಇರಲಿಲ್ಲ. ವಾಲ್ವುಗಳನ್ನು ಎಣ್ಣೆಯ ಒತ್ತಡದಿಂದ ತೆರೆಯುವ ಯೋಜನೆಯಿತ್ತು. ಎಂಜಿನಿನ ಎರಡೂ ತುದಿಗೆ ಒಂದೊಂದು ಟಾರ್ಕ್ ಕನ್ವರ್ಟರ್ (ಎಂಜಿನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಸಾಧನ) ಕೂರಿಸಿ, ಗೇರ್‌ಬಾಕ್ಸ್ ಇಲ್ಲದೆ ಹಿಂದಿನ ಗಾಲಿಗಳನ್ನು ನೇರವಾಗಿ ಓಡಿಸಬೇಕೆಂದಿದ್ದರು. ಇದರ ತೊಂದರೆಯನ್ನು ನೀವು ಆಗಲೇ ಊಹಿಸಿರಬೇಕು. ಎಂಜಿನ್ ತಿರುಗಿದರೆ ಮಾತ್ರ ಎಣ್ಣೆಗೆ ಒತ್ತಡ ಬರುತ್ತದೆ, ಎಣ್ಣೆಗೆ ಒತ್ತಡ ಬಂದರೆ ಮಾತ್ರ ವಾಲ್ವು ತೆರೆಯುತ್ತದೆ, ವಾಲ್ವು ತೆರೆಯದೆ ಎಂಜಿನ್ ಹೊತ್ತುವುದಿಲ್ಲ. ಹಾಗಾಗಿ ಅದನ್ನು ಚಾಲೂ ಮಾಡಲು ಸಾಮಾನ್ಯ ಕಾರಿನ ಬ್ಯಾಟರಿ ಸಾಲದೆ ಹೊರಗಿನಿಂದ ಹೆಚ್ಚು ವೋಲ್ಟೇಜಿನ ವಿದ್ಯುತ್ ಕೊಡಬೇಕಾಗುತ್ತಿತ್ತು. 1947ರ ಜೂನ್ 19ರಂದು ಷಿಕಾಗೋದಲ್ಲಿ ಸಾವಿರಾರು ಜನರ ಮುಂದೆ ಮೊದಲ ಮಾದರಿಯನ್ನು ತೋರಿಸಿದಾಗ ಅದರೊಳಗಿದ್ದದ್ದು ಇದೇ ಎಂಜಿನ್. ಆ ಕಾರು ಹಿಂದಕ್ಕೆ ಚಲಿಸುತ್ತಲೇ ಇರಲಿಲ್ಲ, ಏಕೆಂದರೆ ರಿವರ್ಸಿಗೆ ವ್ಯವಸ್ಥೆಯೇ ಆಗಿರಲಿಲ್ಲ.

ಕೆಲವೇ ತಿಂಗಳಲ್ಲಿ ಆ ಎಂಜಿನನ್ನು ಬದಿಗಿಟ್ಟು, ಬೆಲ್ 47 ಹೆಲಿಕಾಪ್ಟರುಗಳಲ್ಲಿ ಬಳಕೆಯಲ್ಲಿದ್ದ ಫ್ರಾಂಕ್ಲಿನ್ ಓ-335 ಎಂಬ 5.5 ಲೀಟರಿನ ಎಂಜಿನನ್ನು ಆರಿಸಿಕೊಂಡರು, ಕೊನೆಗೆ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನೇ ಕೊಂಡುಕೊಂಡರು. ಇದರಲ್ಲಿ ಆರು ಸಿಲಿಂಡರುಗಳು ಮೂರು ಮೂರಾಗಿ ಎದುರುಬದುರು ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್ನುಗಳು ಚಪ್ಪಾಳೆ ತಟ್ಟುವ ಕೈಗಳಂತೆ ಒಮ್ಮೆಗೇ ಹತ್ತಿರ ಬಂದು ಒಮ್ಮೆಗೇ ದೂರ ಸರಿಯುವುದರಿಂದ ಒಂದರ ಎಳೆತ ಇನ್ನೊಂದನ್ನು ಸರಿದೂಗಿಸುತ್ತದೆ, ನಡುಕ ಕಡಿಮೆಯಾಗುತ್ತದೆ, ಮತ್ತು ಎಂಜಿನ್ ಎತ್ತರವಾಗಿ ನಿಲ್ಲದೆ ತಗ್ಗಾಗಿ ಕೂರುತ್ತದೆ. ಹೆಲಿಕಾಪ್ಟರಿನಲ್ಲಿ ಗಾಳಿಯಿಂದ ತಣಿಯುತ್ತಿದ್ದ ಅದನ್ನು ನೀರಿನಿಂದ ತಣಿಯುವಂತೆ ಮಾರ್ಪಡಿಸಿದ್ದು ದೊಡ್ಡ ಕೆಲಸವೇ ಸರಿ. ಕೊನೆಗೆ ದೊರೆತದ್ದು 166 ಅಶ್ವಶಕ್ತಿ ಮತ್ತು 372 ಪೌಂಡ್-ಅಡಿ, ಅಂದರೆ ಸುಮಾರು 504 ನ್ಯೂಟನ್ ಮೀಟರ್ ಟಾರ್ಕ್, ಎಂದರೆ ತಿರುಗಿಸುವ ಬಲ. ಈ ಎರಡನೆಯ ಅಂಕಿಯನ್ನು ನೆನಪಿಡಿ, ಮುಂದಿನ ಉತ್ತರದಲ್ಲಿ ಬೇಕಾಗುತ್ತದೆ.

ಹಿಂದೆ ಎಂಜಿನ್ ಇಟ್ಟದ್ದಕ್ಕೆ ಕಾರಣವನ್ನು ನಮ್ಮ ಆಟೋರಿಕ್ಷಾದಲ್ಲೇ ನೋಡಬಹುದು. ಶಕ್ತಿ ಹುಟ್ಟುವುದೂ ಹಿಂದೆ, ಗಾಲಿ ತಿರುಗುವುದೂ ಹಿಂದೆ, ನಡುವೆ ಉದ್ದನೆಯ ಶಾಫ್ಟಿನ ಗೊಡವೆಯಿಲ್ಲ. ಟಕರ್ ಕಾರಿನಲ್ಲಿ ಅದರಿಂದ ನೆಲ ತಗ್ಗಾಗಿಯೂ ಸಮತಟ್ಟಾಗಿಯೂ ಉಳಿಯಿತು, ಕೇವಲ 60 ಇಂಚು ಎತ್ತರದ ಕಾರಿನಲ್ಲಿ ಆರು ಜನ ಆರಾಮವಾಗಿ ಕೂರುವಂತಾಯಿತು. ಎಂಜಿನನ್ನು ಪ್ರತ್ಯೇಕ ಸಣ್ಣ ಚೌಕಟ್ಟಿನ ಮೇಲೆ ಕೂರಿಸಿ ಆರೇ ಬೋಲ್ಟುಗಳಿಂದ ಬಿಗಿದಿದ್ದರು. ಕೆಟ್ಟರೆ ಇಡೀ ಎಂಜಿನನ್ನು ಕಳಚಿ, ರಿಪೇರಿಯಾಗುವವರೆಗೆ ಬದಲಿ ಎಂಜಿನ್ ಹಾಕಿ ಗ್ರಾಹಕರನ್ನು ಕಳಿಸಿಕೊಡಬೇಕೆಂಬುದು ಆಲೋಚನೆ. ಬೋರಲು ಮಲಗಿ ಎಂಜಿನ್ ಬಿಚ್ಚಿದ ನನ್ನಂಥವರಿಗೆ ಆ ಆರು ಬೋಲ್ಟುಗಳ ಮಾತು ಕೇಳಿದರೇ ಮೈ ಹಗುರವಾಗುತ್ತದೆ.

ಪ್ರಶ್ನೆ: ಹೊಸ ಕಾರಿಗೆ ಗುಜರಿಯಿಂದ ತಂದ ಗೇರ್‌ಬಾಕ್ಸ್ ಹಾಕಿದ್ದರಂತೆ, ನಿಜವೇ? ನಿಜವಾಗಿದ್ದರೆ ಅದನ್ನು ದೊಡ್ಡ ಕಾರು ಎಂದು ಹೊಗಳುವುದು ಹೇಗೆ? (ಗ್ಯಾರೇಜ್ ಮಾಲೀಕರು, ಗದಗ)

ಉತ್ತರ: ನಿಜ. ಟಾರ್ಕ್ ಕನ್ವರ್ಟರಿನ ಯೋಜನೆ ಬಿದ್ದುಹೋದ ಮೇಲೆ ಟಕರ್ ತಂಡಕ್ಕೆ ತುರ್ತಾಗಿ ಒಂದು ಗೇರ್‌ಬಾಕ್ಸ್ ಬೇಕಾಯಿತು, ಮತ್ತು ಅದು ತೀರ ವಿಶಿಷ್ಟ ಬಗೆಯದಾಗಿರಬೇಕಿತ್ತು. ಎಂಜಿನ್ ಹಿಂದಿನ ಆಕ್ಸಲ್ಲಿನ ಹಿಂದೆ, ಗೇರುಗಳು ಆಕ್ಸಲ್ಲಿನ ಮುಂದೆ, ಎರಡು ಗಾಲಿಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಎರಡರ ನಡುವೆ: ಹೀಗೆ ಕೂರುವ ಗೇರ್‌ಬಾಕ್ಸ್ ಅಮೆರಿಕದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆದರೆ ಹತ್ತು ವರ್ಷ ಹಿಂದೆ ನಿಂತುಹೋಗಿದ್ದ ಒಂದು ಕಾರಿನಲ್ಲಿ ಅದು ಇತ್ತು. ಅದು ಕಾರ್ಡ್ ಎಂಬ ಹೆಸರಿನ ಕಾರು, ಅದರ 1936ರ 810 ಮತ್ತು 1937ರ 812 ಮಾದರಿಗಳು.

ಕಾರ್ಡ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಇಂಡಿಯಾನಾ ರಾಜ್ಯದ ಆಬರ್ನ್ ಕಂಪನಿಗಾಗಿ ಗಾರ್ಡನ್ ಬ್ಯೂರಿಗ್ ಅವರು ರೂಪಿಸಿದ ಆ ಕಾರು, ಹೆಡ್‌ಲೈಟುಗಳನ್ನು ರೆಪ್ಪೆ ಮುಚ್ಚಿದಂತೆ ಮಡ್‌ಗಾರ್ಡಿನೊಳಗೆ ಅಡಗಿಸಿಕೊಂಡಿತ್ತು. ಡ್ಯಾಶ್‌ಬೋರ್ಡಿನ ಎರಡು ಬದಿಯ ಹಿಡಿಗಳನ್ನು ಕೈಯಿಂದ ತಿರುಗಿಸಿದರೆ ಅವು ಮೇಲೇಳುತ್ತಿದ್ದವು. ಎಲ್ಲರೂ ಹತ್ತುವಾಗ ಕಾಲಿಡುತ್ತಿದ್ದ ಫುಟ್‌ಬೋರ್ಡನ್ನು ಅದು ತೆಗೆದುಹಾಕಿತ್ತು. ಅದು ಮುಂದಿನ ಗಾಲಿಗಳಿಂದ ಓಡುವ ಕಾರು. ಮೂತಿಯ ತುದಿಯಲ್ಲಿ ಗೇರುಗಳು, ಆಮೇಲೆ ಡಿಫರೆನ್ಷಿಯಲ್, ಅದರ ಹಿಂದೆ ಎಂಜಿನ್. ಈ ಇಡೀ ಜೋಡಣೆಯನ್ನು ದಿಕ್ಕು ಬದಲಿಸದೆ ಹಾಗೆಯೇ ಕಾರಿನ ಹಿಂಭಾಗಕ್ಕೆ ಸರಿಸಿದರೆ ಟಕರ್ ಅವರಿಗೆ ಬೇಕಾದ ಕ್ರಮವೇ ದೊರೆಯುತ್ತದೆ. ಆದ್ದರಿಂದ ಹಳೆಯ ಕಾರ್ಡ್ ಕಾರುಗಳ ಗೇರ್‌ಬಾಕ್ಸುಗಳನ್ನು ಗುಜರಿಗಳಲ್ಲಿ ಹುಡುಕಿ ಇಪ್ಪತ್ತರಷ್ಟನ್ನು ತಂದರು. ಅದರ ಗೇರ್ ಹಾಕುವ ವಿಧಾನವನ್ನೂ ಉಳಿಸಿಕೊಂಡರು. ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ, ಅದರ ಮೇಲೆ ಎರಡು ಬೆರಳಲ್ಲಿ ಹಿಡಿಯುವಷ್ಟು ಸಣ್ಣ ಕಡ್ಡಿ. ಮುಂದೆ ಬೇಕಾಗುವ ಗೇರನ್ನು ಆ ಕಡ್ಡಿಯಿಂದ ಮೊದಲೇ ಆರಿಸಿಟ್ಟಿರಬಹುದು. ಆಮೇಲೆ ಕ್ಲಚ್ ಒತ್ತಿದಾಗ ವಿದ್ಯುತ್ತೂ ಎಂಜಿನಿನ ನಿರ್ವಾತವೂ ಸೇರಿ ಒಳಗಿನ ಗೇರನ್ನು ತಾವೇ ಬದಲಿಸುತ್ತವೆ. 1936ರ ಮಾತಿದು, ಗಮನಿಸಿ.

ಆದರೆ ಕಾರ್ಡ್‌ನ ಎಂಜಿನ್ 125 ಅಶ್ವಶಕ್ತಿಯದು. ಅದಕ್ಕೆಂದು ಮಾಡಿದ ಹಲ್ಲುಗಳು ಟಕರ್ ಎಂಜಿನಿನ 504 ನ್ಯೂಟನ್ ಮೀಟರನ್ನು ತಾಳಲಾರವು. ಇಂಥ ಹೊಂದಾಣಿಕೆಯಿಲ್ಲದ ಜೋಡಿ ಏನು ಮಾಡುತ್ತದೆಂದು ನಾನು ಸ್ವಂತ ಅನುಭವದಿಂದ ಬಲ್ಲೆ. ಹಿಂದೊಮ್ಮೆ ಪರಿಚಿತರೊಬ್ಬರ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ, ಹಳೆಯ ಗೇರ್‌ಬಾಕ್ಸನ್ನೇ ಮುಂದುವರಿಸಿದ್ದೆ. ಮೂರು ತಿಂಗಳು ಸರಿಯಾಗಿಯೇ ಓಡಿದ ಅದು, ಅಣ್ಣಿಗೇರಿಯ ಹತ್ತಿರ ಹತ್ತಿಯ ಅಂಡಿಗೆ ಹೇರಿಕೊಂಡು ಎರಡನೆಯ ಗೇರಿನಲ್ಲಿ ಎದ್ದ ಹೊತ್ತಿಗೆ ಒಂದೇ ಒಂದು ಸಪ್ಪಳ ಮಾಡಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಎಣ್ಣೆಯ ತಳದಲ್ಲಿ ಬೆಳ್ಳಿ ಪುಡಿಯಂತೆ ಮಿನುಗುವ ಲೋಹದ ಚೂರು, ಗೇರಿನ ಮೂರು ಹಲ್ಲುಗಳು ಬುಡದಿಂದ ಓರೆಯಾಗಿ ಸೀಳಿಹೋಗಿದ್ದವು. ಸೀಳಿದ ಮೈಯಲ್ಲಿ ಅರ್ಧ ಭಾಗ ಹಳೆಯ ಬಿರುಕಿನಿಂದ ಕಪ್ಪಾಗಿತ್ತು, ಉಳಿದರ್ಧ ಆಗಷ್ಟೇ ಮುರಿದು ಹೊಳೆಯುತ್ತಿತ್ತು. ಮೂರು ತಿಂಗಳಿಂದಲೂ ಅದು ಮುರಿಯುತ್ತಲೇ ಇತ್ತು, ನನಗೆ ಕೇಳಿಸಿದ್ದು ಮಾತ್ರ ಆ ದಿನ. ಅದರ ಪೂರ್ತಿ ಹೊಣೆ ನನ್ನದಾಗಿತ್ತು.

ಟಕರ್ ಅವರ ಜನ ಇದನ್ನು ಅರಿತು, ಹಳೆಯವನ್ನು ಹಾಗೆಯೇ ಬಿಡದೆ, ಕಾರ್ಡ್ ವಿನ್ಯಾಸವನ್ನೇ ಆಧರಿಸಿ ಗಟ್ಟಿಯಾದ ಗೇರುಗಳಿರುವ ವೈ-1 ಎಂಬ ಗೇರ್‌ಬಾಕ್ಸನ್ನು ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯ ಸ್ವಂತ ಕಾರ್ಯಾಗಾರದಲ್ಲಿ ತಯಾರಿಸಿದರು. ಹೆಚ್ಚಿನ ಟಕರ್ ಕಾರುಗಳಲ್ಲಿ ಇರುವುದು ಇದೇ. ಗುಜರಿಯ ಗೇರ್‌ಬಾಕ್ಸು ದಡ ಮುಟ್ಟಿಸಿದ ಹರಿಗೋಲಿನಂತೆ ಒದಗಿತು. ತಮ್ಮ ಕೈಯಲ್ಲಿ ಇಲ್ಲದ ವಿದ್ಯೆಯನ್ನು, ಜನ ಮರೆತುಬಿಟ್ಟಿದ್ದ ಮತ್ತೊಂದು ಒಳ್ಳೆಯ ಕಾರಿನಿಂದ ಪಡೆದು, ಅದನ್ನು ಬಲಪಡಿಸಿ ಮುಂದುವರಿದದ್ದರಿಂದ ನನಗೆ ಆ ಕಾರಿನ ಮೇಲಿನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಪ್ರಶ್ನೆ: ಪ್ರಯಾಣಿಕರ ಸುರಕ್ಷತೆಯನ್ನು ಎಲ್ಲರಿಗಿಂತ ಮೊದಲು ಯೋಚಿಸಿದ ಕಾರು ಎಂದು ಬರೆದಿದ್ದೀರಿ. ಹಾಗಿದ್ದರೆ ಅದರಲ್ಲಿ ಸೀಟ್ ಬೆಲ್ಟ್ ಏಕಿರಲಿಲ್ಲ? (ಶಾಲಾ ಶಿಕ್ಷಕಿ, ಹಾವೇರಿ)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿ ಯೋಚಿಸುವಂತೆ ಮಾಡಿದ ಪ್ರಶ್ನೆ ಇದು. ಟಕರ್ ಕಾರಿನ ಡ್ಯಾಶ್‌ಬೋರ್ಡಿನ ಅಂಚಿಗೆ ಮೆತ್ತನೆಯ ಹೊದಿಕೆಯಿತ್ತು. ಮುಂದಿನ ಪ್ರಯಾಣಿಕರ ಕಾಲಿನ ಬಳಿ, ಅಪಾಯ ಕಂಡೊಡನೆ ತಗ್ಗಿ ಅಡಗಿಕೊಳ್ಳಲು ಖಾಲಿ ಜಾಗ ಬಿಟ್ಟಿದ್ದರು. ಒಳಗಿನಿಂದ ಬಲವಾದ ಪೆಟ್ಟು ಬಿದ್ದರೆ ಮುಂದಿನ ಗಾಜು ಇಡಿಯಾಗಿ ಚೌಕಟ್ಟಿನಿಂದ ಕಳಚಿ ಹೊರಗೆ ಬೀಳುವಂತಿತ್ತು. ಎದುರಿನಿಂದ ಡಿಕ್ಕಿಯಾದಾಗ ಸ್ಟಿಯರಿಂಗ್ ಚಾಲಕರ ಎದೆಗೆ ನುಗ್ಗದಿರಲೆಂದು ಅದರ ಪೆಟ್ಟಿಗೆಯನ್ನು ಮುಂದಿನ ಆಕ್ಸಲ್ಲಿನ ಹಿಂದೆ ಇಟ್ಟಿದ್ದರು. ಸೀಟ್ ಬೆಲ್ಟಿನ ಯೋಚನೆಯೂ ಬಂದಿತ್ತು. ಆದರೆ ಬೆಲ್ಟ್ ಕಂಡರೆ ಜನ ಈ ಕಾರೇ ಅಪಾಯಕಾರಿ ಎಂದುಕೊಂಡಾರು ಎಂಬ ಅಳುಕಿನಿಂದ ಅದನ್ನು ಕೈಬಿಟ್ಟರು. ಆ ನಿರ್ಧಾರ ತಪ್ಪಾಗಿತ್ತು. ಈ ಕಾರನ್ನು ಎಷ್ಟೇ ಪ್ರೀತಿಸಿದರೂ ನಾನು ಇದನ್ನು ಬೇರೆ ರೀತಿ ಹೇಳಲಾರೆ.

ಇನ್ನೂ ಒಂದು ಮಾತು. ಅವರ ಯೋಚನೆಗಳಲ್ಲಿ ಎಲ್ಲವೂ ಕಾಲದ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಮೆತ್ತನೆಯ ಡ್ಯಾಶ್‌ಬೋರ್ಡ್ ಇಂದು ಎಲ್ಲ ಕಾರುಗಳಲ್ಲೂ ಇದೆ. ಆದರೆ ಡಿಕ್ಕಿಯ ಕ್ಷಣದಲ್ಲಿ ತಗ್ಗಿ ಅಡಗುವಷ್ಟು ವ್ಯವಧಾನ ಮನುಷ್ಯರಿಗೆ ಸಿಗುವುದಿಲ್ಲ, ಮತ್ತು ಮುಂದಿನ ಗಾಜನ್ನು ಈಗ ಕಳಚಿಬೀಳದಂತೆ ಅಂಟಿನಿಂದ ಭದ್ರವಾಗಿ ಕೂರಿಸುತ್ತಾರೆ, ಏಕೆಂದರೆ ಹೊರಗೆ ಎಸೆಯಲ್ಪಡುವುದಕ್ಕಿಂತ ಬೆಲ್ಟ್ ಕಟ್ಟಿಕೊಂಡು ಒಳಗೇ ಉಳಿಯುವುದು ಕ್ಷೇಮವೆಂದು ಆಮೇಲೆ ಖಚಿತವಾಯಿತು. ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ನೀಲ್ಸ್ ಬೋಲಿನ್ 1959ರಲ್ಲಿ ತಂದರು. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಬೆಲ್ಟ್ ಕಡ್ಡಾಯವಾದದ್ದು 1968ರಲ್ಲಿ. ಅದಕ್ಕೆ 20 ವರ್ಷ ಮೊದಲು, ಕಾರು ಗುದ್ದಿದರೆ ಒಳಗಿರುವವರ ತಲೆ ಎಲ್ಲಿ ಬಡಿಯುತ್ತದೆ ಎಂದು ಕೇಳಿಕೊಂಡು ಕಾರು ಕಟ್ಟಿದರಲ್ಲ, ನಾನು ಈ ಕಾರಿಗೆ ಒಲಿದದ್ದು ಅದಕ್ಕೇ. 1948ರ ಕೊನೆಯಲ್ಲಿ ಇಂಡಿಯಾನಾಪೊಲಿಸ್ ಓಟದ ಪಥದಲ್ಲಿ ಪರೀಕ್ಷೆ ನಡೆಸುವಾಗ 1027 ಎಂಬ ಸಂಖ್ಯೆಯ ಕಾರು (ಎಣಿಕೆ 1001ರಿಂದ ಶುರುವಾಗಿತ್ತು) ಗಂಟೆಗೆ 95 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಪಲ್ಟಿಯಾಯಿತು. ಗಾಜು ಹೇಳಿದಂತೆಯೇ ಕಳಚಿ ಬಿತ್ತು. ಚಾಲಕರು ಸಣ್ಣಪುಟ್ಟ ತರಚು ಗಾಯಗಳೊಂದಿಗೆ ಎದ್ದು ನಡೆದು ಬಂದರು.

ಪ್ರಶ್ನೆ: ಟಕರ್ ಜನರ ಹಣ ನುಂಗಿದ ವಂಚಕ ಎಂದು ಕೆಲವರು, ದೊಡ್ಡ ಕಂಪನಿಗಳು ಸೇರಿ ಮುಗಿಸಿದ ಮಹಾತ್ಮ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? (ವಕೀಲರು, ಧಾರವಾಡ)

ಉತ್ತರ: ನ್ಯಾಯಾಲಯದ ಭಾಷೆ ಬಲ್ಲ ನಿಮಗೆ ತೀರ್ಪಿನಿಂದಲೇ ಆರಂಭಿಸುತ್ತೇನೆ. ಟಕರ್ ಮತ್ತು ಅವರ ಏಳು ಸಂಗಡಿಗರ ಮೇಲೆ ವಂಚನೆಯ ಆರೋಪ ಹೊರಿಸಿದ ಮೊಕದ್ದಮೆ 1949ರ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಶುರುವಾಯಿತು. ಪ್ರತಿವಾದಿಗಳ ವಕೀಲರು, ಅಪರಾಧವೇ ನಡೆಯದಿರುವಾಗ ಸಮರ್ಥನೆಯ ಅಗತ್ಯವಿಲ್ಲವೆಂಬ ನಿಲುವಿನಿಂದ, ತಮ್ಮ ಪರ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. 1950ರ ಜನವರಿ 22ರಂದು ಜ್ಯೂರಿ ಎಲ್ಲರನ್ನೂ ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿತು. ಆದರೆ ಕಾರ್ಖಾನೆ 1949ರ ಮಾರ್ಚಿನಲ್ಲೇ ಮುಚ್ಚಿಹೋಗಿತ್ತು. ಗೆದ್ದವರಿಗೆ ಮರಳಿ ಹೋಗಲು ಜಾಗವೇ ಇರಲಿಲ್ಲ.

ಜನರಿಂದ ಷೇರುಗಳ ಮೂಲಕ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿತ್ತು. ಅದು ಸಾಲದಾದಾಗ, ಕಾರು ತಯಾರಾಗುವ ಮೊದಲೇ ಅದಕ್ಕೆ ಬೇಕಾದ ರೇಡಿಯೋ, ಸೀಟಿನ ಹೊದಿಕೆ, ಪೆಟ್ಟಿಗೆಗಳನ್ನು ಮಾರಿ, ಕೊಂಡವರಿಗೆ ಸರದಿಯಲ್ಲಿ ಮುಂದಿನ ಜಾಗ ಕೊಡುವ ಏರ್ಪಾಟು ಮಾಡಿದರು. ಸರಕಾರದ ತನಿಖೆಯನ್ನು ತೀಕ್ಷ್ಣಗೊಳಿಸಿದ್ದು ಇದೇ, ಮತ್ತು ನನ್ನ ದೃಷ್ಟಿಯಲ್ಲಿ ಇದನ್ನು ಮಾಡಬಾರದಿತ್ತು. ಇಲ್ಲದ ಕುದುರೆಗೆ ಜೀನು ಮಾರಿದರೆ ಕೊಂಡವರು ಕುದುರೆಯನ್ನು ಕೇಳಿಯೇ ಕೇಳುತ್ತಾರೆ. ಆದರೂ ಹಣ ಎತ್ತಿಕೊಂಡು ಓಡುವವರು ಎಂಜಿನ್ ಕಾರ್ಖಾನೆಯನ್ನು ಕೊಳ್ಳುವುದಿಲ್ಲ, ಎರಡು ವಾರ ಕಾರುಗಳನ್ನು ಓಟದ ಪಥದಲ್ಲಿ ದಂಡಿಸುವುದಿಲ್ಲ. ಕಾರ್ಖಾನೆ ಮುಚ್ಚುವ ಹೊತ್ತಿಗೆ ಪೂರ್ಣಗೊಳ್ಳದಿದ್ದ ಕೆಲವು ಕಾರುಗಳನ್ನು ನಿಷ್ಠಾವಂತ ಕೆಲಸಗಾರರೇ ಜೋಡಿಸಿ ಮುಗಿಸಿ 50ರ ಸಂಖ್ಯೆಯನ್ನು ಮುಟ್ಟಿಸಿದರು. ದೊಡ್ಡ ಕಂಪನಿಗಳ ಸಂಚಿನ ಕಥೆಗೆ ಬಂದರೆ, ಅದರ ಅಗತ್ಯವೇ ನನಗೆ ಕಾಣುವುದಿಲ್ಲ. ಯುದ್ಧದಲ್ಲಿ ಬಿ-29 ಬಾಂಬರುಗಳ ಎಂಜಿನ್ ತಯಾರಾಗುತ್ತಿದ್ದ 475 ಎಕರೆಯ ಕಾರ್ಖಾನೆಯನ್ನು ಹಿಡಿದು, ಉಕ್ಕಿನ ಅಭಾವದ ಕಾಲದಲ್ಲಿ, ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಕಟ್ಟಲು ಹೊರಟರೆ ಎಷ್ಟು ಹಣವಿದ್ದರೂ ಸಾಲದು. ಟಕರ್ 1956ರ ಡಿಸೆಂಬರ್ 26ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರ ವಯಸ್ಸು 53. ಬ್ರೆಜಿಲ್‌ನಲ್ಲಿ ಇನ್ನೊಂದು ಕಾರು ಕಟ್ಟುವ ಯೋಜನೆ ಅವರ ಮನಸ್ಸಿನಲ್ಲಿತ್ತು.

ಪ್ರಶ್ನೆ: ಈ ಕಾರನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಬೆಲೆ ಎಷ್ಟಿರಬಹುದು? (ವ್ಯಾಪಾರಿಗಳು, ಬ್ಯಾಡಗಿ)

ಉತ್ತರ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಪಟ್ಟಣದ ವಾಹನ ಸಂಗ್ರಹಾಲಯದಲ್ಲಿ ಮೂರು ಟಕರ್ ಕಾರುಗಳು ಒಟ್ಟಿಗೆ ಇವೆ. ನಮಗೆ ಹತ್ತಿರದ್ದೆಂದರೆ ಜಪಾನಿನ ನಾಗೋಯಾ ಬಳಿಯ ಟೊಯೋಟಾ ವಾಹನ ಸಂಗ್ರಹಾಲಯ. ಬೆಲೆಗೆ ಒಂದು ಉದಾಹರಣೆ ಸಾಕು: 1043 ಎಂಬ ಸಂಖ್ಯೆಯ ಕಾರು 2012ರ ಜನವರಿಯಲ್ಲಿ ಹರಾಜಿನಲ್ಲಿ 29 ಲಕ್ಷ 15 ಸಾವಿರ ಡಾಲರಿಗೆ ಹೋಯಿತು.

ಪ್ರಶ್ನೆ: ನಮ್ಮ ಅಜ್ಜನವರ ಕಾಲದ ಅಮೆರಿಕದ ಡಾಡ್ಜ್ ಕಾರು ವಾಡೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ ನಿಂತಿದೆ. ಟಕರ್‌ನಂಥ ಅಪರೂಪದ್ದಲ್ಲ. ಇಟ್ಟುಕೊಳ್ಳಬೇಕೇ, ಗುಜರಿಗೆ ಕೊಡಬೇಕೇ? (ರೈತರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ದಯವಿಟ್ಟು ಗುಜರಿಗೆ ಕೊಡಬೇಡಿ. ಮುಂಬಯಿಯ ಪ್ರೀಮಿಯರ್ ಕಂಪನಿ 1947ರಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿತ್ತು, ಮತ್ತು ನಮ್ಮ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ ಇಲ್ಲಿನ ಸ್ಥಿತಿವಂತರ ಮನೆಗಳಿಗೆ ಅವು ಬಂದದ್ದು ಸಹಜ. ನಿಮ್ಮ ಕಾರು ಆ ಚರಿತ್ರೆಯ ಸಾಕ್ಷಿ. ಮೊದಲನೆಯದಾಗಿ, ಉತ್ಸಾಹದಿಂದ ಬ್ಯಾಟರಿ ತಂದು ಎಂಜಿನ್ ಚಾಲೂ ಮಾಡಲು ಹೋಗಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಒಂದೆರಡು ವಾರ ನೆನೆಯಗೊಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ತುಕ್ಕು ಹಿಡಿದ ರಿಂಗುಗಳನ್ನು ಒತ್ತಾಯದಿಂದ ಎಳೆದರೆ ಸಿಲಿಂಡರಿನ ಗೋಡೆಯೇ ಕಿತ್ತುಬರುತ್ತದೆ. ಚಾಸಿಯ ಸಂಖ್ಯೆಯನ್ನು ಉಜ್ಜಿ ಅಳಿಸದೆ ಬಟ್ಟೆಯಿಂದ ಒರೆಸಿ ಬರೆದುಕೊಳ್ಳಿ. 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ವಾಹನಗಳನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ರಸ್ತೆಗಿಳಿಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಅಷ್ಟೆಲ್ಲ ಈಗ ಆಗದಿದ್ದರೂ ಸರಿ, ಈ ಮಳೆಗಾಲಕ್ಕೆ ಮೊದಲು ಗಾಲಿಗಳ ಕೆಳಗೆ ಕಲ್ಲುಚಪ್ಪಡಿ ಇಟ್ಟು ಕಾರನ್ನು ಹಸಿ ನೆಲದಿಂದ ಮೇಲೆತ್ತಿ, ದನಗಳನ್ನು ಬೇರೆಡೆ ಕಟ್ಟಿ. ಗಂಜಲದ ಹಬೆ ತಗಡನ್ನು ತಿಂದಷ್ಟು ಬೇಗ ಮಳೆಯೂ ತಿನ್ನುವುದಿಲ್ಲ.

ಪ್ರಶ್ನೆ: ನಾನು ರಟ್ಟಿನಿಂದ ಟಕರ್ ಕಾರು ಮಾಡುತ್ತಿದ್ದೇನೆ. ಅಳತೆ ಬೇಕು. ನಡುವಿನ ದೀಪ ನಿಜವಾಗಿ ತಿರುಗಬೇಕು, ಹೇಗೆ ಮಾಡಲಿ? (ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ಬೆಟಗೇರಿ)

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹತ್ತರಲ್ಲಿ ಒಂದು ಪಾಲು ಗಾತ್ರಕ್ಕೆ ಮಾಡು, ಲೆಕ್ಕ ಸುಲಭವಾಗುತ್ತದೆ. ಆಗ ಉದ್ದ 55.6 ಸೆಂಟಿಮೀಟರ್, ಅಗಲ 20, ಎತ್ತರ 15.2, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 32.5. ಗಾಲಿಯ ರಿಮ್ 3.8 ಸೆಂಟಿಮೀಟರ್ ಇರಲಿ. ಬಾಗಿಲುಗಳ ಮೇಲಂಚು ಚಾವಣಿಯೊಳಕ್ಕೆ ಸ್ವಲ್ಪ ಕೊರೆದುಕೊಂಡು ಹೋಗಬೇಕು, ಹತ್ತುವಾಗ ತಲೆ ತಾಗದಿರಲೆಂದು ಹಾಗೆ ಮಾಡಿದ್ದರು. ಬಣ್ಣಕ್ಕೆ ಅವರೇ ‘ವಾಲ್ಟ್ಸ್ ಬ್ಲೂ’ ಎಂದು ಕರೆಯುತ್ತಿದ್ದ ನೀಲಿ ಚೆನ್ನಾಗಿರುತ್ತದೆ.

ದೀಪಕ್ಕೆ ಹೀಗೆ ಮಾಡು. ದೀಪದ ಡಬ್ಬಿಯನ್ನು ಒಂದು ಮೊಳೆಯ ಮೇಲೆ ಹೊರಳುವಂತೆ ನಿಲ್ಲಿಸಿ, ಅದರ ಹಿಂದೆ ಒಂದು ಸಣ್ಣ ತೋಳು ಅಂಟಿಸು. ಮುಂದಿನ ಗಾಲಿಗಳನ್ನು ತಿರುಗಿಸುವ ತೋಳಿನ ಉದ್ದ 3 ಸೆಂಟಿಮೀಟರ್ ಇಟ್ಟು, ಅದರ ತುದಿಯಿಂದ ದೀಪದ ತೋಳಿಗೆ ಒಂದು ಪಟ್ಟಿ ಜೋಡಿಸು; ಆದರೆ ಪಟ್ಟಿಯ ಒಂದು ತುದಿಯಲ್ಲಿ ಗುಂಡು ತೂತಿನ ಬದಲು ಉದ್ದನೆಯ ಸೀಳಿಕೆ ಕೊರೆದು, ಗುಂಡುಸೂಜಿ ನಡುವೆ ನಿಂತಾಗ ಎರಡೂ ಬದಿಗೆ 5 ಮಿಲಿಮೀಟರ್ ಖಾಲಿ ಇರುವಂತೆ ನೋಡಿಕೋ. ಗಾಲಿ 10 ಡಿಗ್ರಿ ತಿರುಗುವವರೆಗೆ ಸೂಜಿ ಆ ಖಾಲಿಯಲ್ಲೇ ಜಾರುತ್ತದೆ, ದೀಪ ಅಲುಗುವುದಿಲ್ಲ. ಆಮೇಲೆ ಸೂಜಿ ಸೀಳಿಕೆಯ ಅಂಚನ್ನು ಮುಟ್ಟಿ ದೀಪವನ್ನು ತಳ್ಳುತ್ತದೆ. ದೀಪ ಮರಳಿ ನಡುವಿಗೆ ಬರಲು ತೋಳಿನ ಎರಡೂ ಬದಿಗೆ ಸಮನಾದ ರಬ್ಬರ್ ಬ್ಯಾಂಡ್ ಕಟ್ಟು. ಹಿಂಭಾಗದಲ್ಲಿ ಹೊಗೆಯ ನಳಿಕೆಗಳಿಗೆ ಖಾಲಿಯಾದ ಬಾಲ್‌ಪೆನ್ ರೀಫಿಲ್‌ಗಳನ್ನು ಕತ್ತರಿಸಿ ಹಾಕು. ಅವು ಎರಡಲ್ಲ, ಆರು. ಕೆಲಸ ಮುಗಿದ ಮೇಲೆ ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಮುಂದಿನಿಂದ ಒಂದು ಚಿತ್ರ ತೆಗೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಈ ಅಂಕಣದ ಮೇಲ್ಭಾಗದಲ್ಲಿ ಅದನ್ನೇ ಹಾಕಿಸುತ್ತೇನೆ.